ಚಿಲ್ಲರೆ ಕತ್ತರಿಸುವ ಯಂತ್ರ: ಬಳಕೆದಾರರ ಕೈಪಿಡಿ

ಈ ಯಂತ್ರ ನಿಮ್ಮದಾಗಿದ್ದಕ್ಕೆ ಅಭಿನಂದನೆಗಳು. ಇದಕ್ಕೆಂದು ನೀವು ದುಡ್ಡೇನೂ ಕೊಟ್ಟಿಲ್ಲ. ಯಾವ ಪ್ರೋಗ್ರಾಮಿಂಗ್ ಭಾಷೆ ಹಿಡಿದರೂ, ತರಕಾರಿಯ ಜೊತೆ ಕರಿಬೇವು ಬಂದ ಹಾಗೆ ಇದೂ ಬರುತ್ತದೆ. ಈ ಕಡೆಯಿಂದ ದಶಮಾಂಶ ಸಂಖ್ಯೆ ಹಾಕಿ, ಆ ಕಡೆಯಿಂದ ಪೂರ್ಣಾಂಕ ಎತ್ತಿಕೊಳ್ಳಿ. ನಡುವೆ ಉದುರಿದ ಚೂರು ಎಲ್ಲಿಗೆ ಹೋಯಿತು ಎಂದು ಯಂತ್ರವನ್ನು ಕೇಳಬೇಡಿ. ಅದು ಹೇಳುವುದಿಲ್ಲ.

ಬಿಡಿಭಾಗಗಳು

ಡಬ್ಬಿಯಲ್ಲಿ ನಾಲ್ಕು ಬ್ಲೇಡುಗಳಿವೆಯೇ ನೋಡಿಕೊಳ್ಳಿ. ಮೊದಲನೆಯದು ಇಂಟ್. ಇದೊಂದು ಈಳಿಗೆಮಣೆ: ಚುಕ್ಕಿ ಕಂಡಲ್ಲಿ ಕಚಕ್ ಎಂದು ಕತ್ತರಿಸುತ್ತದೆ. 3.01 ಹಾಕಿದರೂ 3, 3.99 ಹಾಕಿದರೂ 3. ಫ್ಲೋರ್ ನೆಲಕ್ಕಿಳಿಸುತ್ತದೆ, ಸೀಲ್ ಅಟ್ಟಕ್ಕೇರಿಸುತ್ತದೆ. ಇಂಟ್ ಬೇರೆಯಲ್ಲ ಫ್ಲೋರ್ ಬೇರೆಯಲ್ಲ ಎಂದುಕೊಂಡೇ ಬಹಳ ದಿನ ಕೆಲಸ ಸಾಗಿಸಬಹುದು, ಸಾಲದ ಲೆಕ್ಕ ಎದುರಾಗುವ ತನಕ. ಮೈನಸ್ 3.2 ಹಾಕಿ ನೋಡಿ. ಇಂಟ್ ಸೊನ್ನೆಯ ಕಡೆ ಸರಿದು ಮೈನಸ್ 3 ಎನ್ನುತ್ತದೆ, ಫ್ಲೋರ್ ಇನ್ನೂ ಕೆಳಗಿಳಿದು ಮೈನಸ್ 4 ಎನ್ನುತ್ತದೆ. ಸಾಲಗಾರನಿಗೆ ಇಂಟ್ ಇಷ್ಟ, ಸಾಲ ಕೊಟ್ಟವನಿಗೆ ಫ್ಲೋರ್.

ನಾಲ್ಕನೆಯ ಬ್ಲೇಡು ರೌಂಡ್, ನೋಡಲು ಸಾಧು. ಐದು ಬಂದರೆ ಮೇಲಕ್ಕೆ ಎಂದು ಮೇಷ್ಟರು ಹೇಳಿಕೊಟ್ಟಿದ್ದನ್ನು ನೆಚ್ಚಿಕೊಂಡು ಪೈಥಾನ್ 3ರಲ್ಲಿ 2.5 ಹಾಕಿದರೆ 2 ಬರುತ್ತದೆ. 3.5 ಹಾಕಿದರೆ 4. ಯಂತ್ರ ಕೆಟ್ಟಿಲ್ಲ. ಸರಿಯಾಗಿ ಅರ್ಧದಲ್ಲಿ ನಿಂತದ್ದನ್ನು ಅದು ಹತ್ತಿರದ ಸಮಸಂಖ್ಯೆಗೆ ಕಳಿಸುತ್ತದೆ; ಅರ್ಧವನ್ನೆಲ್ಲ ಮೇಲಕ್ಕೇ ತಳ್ಳುತ್ತಿದ್ದರೆ ಸಾವಿರಾರು ಬಿಲ್ಲುಗಳ ಮೊತ್ತ ಉಬ್ಬುತ್ತದೆ ಎಂಬ ಮುಂದಾಲೋಚನೆ. ಆದರೆ ನಮ್ಮ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಮೇಷ್ಟರ ಪಕ್ಷ: 50 ಪೈಸೆಯೋ ಅದಕ್ಕಿಂತ ಹೆಚ್ಚೋ ಇದ್ದರೆ ಒಂದು ರೂಪಾಯಿ. ಎರಡೂವರೆ ರೂಪಾಯಿ ತೆರಿಗೆಯನ್ನು ಪೈಥಾನ್ ಎರಡು ಎಂದರೆ ಸರ್ಕಾರ ಮೂರು ಎನ್ನುತ್ತದೆ. ಯಾರ ಮಾತು ಕೇಳಬೇಕೆಂದು ಈ ಕೈಪಿಡಿ ಬಿಡಿಸಿ ಹೇಳಬೇಕಿಲ್ಲ.

ಮೊದಲ ಬಳಕೆ

ಮೊದಲ ಸಲ ಮನೆಯವರ ಮೇಲೆ ಪ್ರಯೋಗ ಮಾಡಬೇಡಿ. ನಾನು ಮಾಡಿದೆ. ದೊಡ್ಡಪ್ಪನ ಅಂಗಡಿಗೆ ಬಿಲ್ಲು ಹಾಕುವ ಪ್ರೋಗ್ರಾಂ ಬರೆದುಕೊಟ್ಟೆ. ಊದುಬತ್ತಿಯ ಸಗಟು ದರ ಪೊಟ್ಟಣಕ್ಕೆ 4.35. ಪೈಸೆಯಲ್ಲಿ ಇಟ್ಟರೆ ಲೆಕ್ಕ ಸಲೀಸು ಎಂದು ನೂರರಿಂದ ಗುಣಿಸಿ, ಇಂಟ್ ಬ್ಲೇಡಿಗೆ ಕೊಟ್ಟೆ. 434 ಬಿತ್ತು. ನಾನು ನೋಡಲಿಲ್ಲ, ದೊಡ್ಡಪ್ಪ ನೋಡಿದರು. 144 ಪೊಟ್ಟಣದ ಬಿಲ್ಲನ್ನು ಕನ್ನಡಕ ಏರಿಸಿ ಎರಡು ಸಲ ಓದಿ, ಪೆನ್ಸಿಲಿನಲ್ಲಿ ಗುಣಿಸಿ, "ಏನೋ ಇದು, 626 ರೂಪಾಯಿ 40 ಪೈಸೆ ಬರಬೇಕಾದಲ್ಲಿ 624 ರೂಪಾಯಿ 96 ಪೈಸೆ ಬಂದಿದೆ. ಕಂಪ್ಯೂಟರಿಗೂ ಕಳ್ಳತನ ಕಲಿಸಿದ್ದೀಯಾ?" ಎಂದರು.

ಕಳ್ಳತನವಲ್ಲ, ದೊಡ್ಡಪ್ಪ. ಹತ್ತು ರೂಪಾಯಿಯನ್ನು ಮೂವರಿಗೆ ಹಂಚಿದರೆ 3.333 ಎಂದು ಮುಗಿಯದೆ ಹೋಗುತ್ತದಲ್ಲ, ಹಾಗೆ ಎರಡೇ ಅಂಕಿ ಬಲ್ಲ ಕಂಪ್ಯೂಟರಿಗೆ 4.35 ಮುಗಿಯದ ಸಂಖ್ಯೆ. ಎಲ್ಲೋ ಒಂದು ಕಡೆ ನಿಲ್ಲಿಸಿ ಒಂದು ಕೂದಲೆಳೆ ಕಡಿಮೆ ಇಟ್ಟುಕೊಳ್ಳುತ್ತದೆ. ನೂರರಿಂದ ಗುಣಿಸಿದಾಗ ಬಂದದ್ದು 434.99999999999994. ಈಳಿಗೆಗೆ ಅಷ್ಟೆಲ್ಲ ಒಂಬತ್ತುಗಳ ಮೇಲೆ ಕರುಣೆ ಎಲ್ಲಿಂದ ಬರಬೇಕು? ಮೊದಲು ರೌಂಡ್ ಮಾಡಿದ್ದರೆ 435 ಸಿಗುತ್ತಿತ್ತು. ದರವನ್ನು ಮೊದಲಿನಿಂದಲೂ ಪೈಸೆಯಲ್ಲೇ, ಪೂರ್ಣಾಂಕವಾಗಿಯೇ ಬರೆದಿಟ್ಟುಕೊಂಡಿದ್ದರೆ ಯಂತ್ರವನ್ನು ಡಬ್ಬಿಯಿಂದ ತೆಗೆಯುವುದೇ ಬೇಕಿರಲಿಲ್ಲ.

ಎಚ್ಚರಿಕೆ

ಪಾವಿಗೆ ಸೇರು ಸುರಿಯಬೇಡಿ. ಪೂರ್ಣಾಂಕದ ಪಾತ್ರೆಗೆ ಅಳತೆ ಇದೆ; 16 ಬಿಟ್ಟಿನದಾದರೆ 32767ಕ್ಕೆ ಬಾಯಿ ಕಟ್ಟುತ್ತದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಹಾರಿದ ಏರಿಯಾನ್ 5 ರಾಕೆಟ್ಟಿನಲ್ಲಿ, 64 ಬಿಟ್ಟಿನ ದಶಮಾಂಶ ಸಂಖ್ಯೆಯೊಂದನ್ನು ಈ ಪಾವಿಗೆ ಸುರಿದರು. ಹಳೆಯ ಏರಿಯಾನ್ 4ರಲ್ಲಿ ಆ ಸಂಖ್ಯೆ ಯಾವತ್ತೂ ಅಷ್ಟು ದೊಡ್ಡದಾಗಿರಲಿಲ್ಲ, ಆ ಪ್ರೋಗ್ರಾಮನ್ನೇ ತಂದು ಇಲ್ಲೂ ಕೂರಿಸಿದ್ದರು. ಪಾವು ಉಕ್ಕಿತು, ದಿಕ್ಕು ಹೇಳುವ ಉಪಕರಣ ಕೈಚೆಲ್ಲಿತು. ಅದು ಕೆಟ್ಟರೆ ಇರಲಿ ಎಂದು ಇಟ್ಟಿದ್ದ ಇನ್ನೊಂದರಲ್ಲೂ ಅದೇ ಪ್ರೋಗ್ರಾಂ, ಅದೇ ಪಾವು. ಹಾರಾಟ ಮುಗಿಯಲು ನಲವತ್ತು ಸೆಕೆಂಡೂ ಬೇಕಾಗಲಿಲ್ಲ. ಒಳಗಿದ್ದ ನಾಲ್ಕು ಉಪಗ್ರಹಗಳೂ ಹೋದವು. ಹೊಟ್ಟೆ ಉರಿಯುವ ವಿಷಯವೆಂದರೆ, ನೆಲ ಬಿಟ್ಟ ಮೇಲೆ ಆ ಲೆಕ್ಕದ ಅಗತ್ಯವೇ ಇರಲಿಲ್ಲ.

ಸ್ವಚ್ಛಗೊಳಿಸುವ ವಿಧಾನ

ಬ್ಲೇಡಿನ ಕೆಳಗೆ ಬಿದ್ದ ಚೂರನ್ನು ಆಗಾಗ ಗುಡಿಸಿ ನೋಡಿ. ಕೆನಡಾದ ವ್ಯಾಂಕೂವರ್ ಷೇರುಪೇಟೆಯವರು ನೋಡಲಿಲ್ಲ. 1982ರ ಜನವರಿಯಲ್ಲಿ 1000ದಿಂದ ಶುರುಮಾಡಿದ ಸೂಚ್ಯಂಕವನ್ನು ದಿನಕ್ಕೆ ಸಾವಿರಾರು ಸಲ ಲೆಕ್ಕ ಹಾಕಿ, ಪ್ರತಿ ಸಲವೂ ಮೂರನೇ ದಶಮಾಂಶದ ಆಚೆಗಿನದನ್ನು ಕತ್ತರಿಸಿ ಬಿಸಾಡಿದರು. 1983ರ ನವೆಂಬರಿಗೆ ಅದು 524ರ ಆಸುಪಾಸಿಗೆ ಕುಸಿದಿತ್ತು. ಸರಿಯಾಗಿ ಕೂಡಿಸಿ ನೋಡಿದರೆ 1098 ದಾಟಿತ್ತು. ಅರ್ಧ ಪೇಟೆ ಕಸದಬುಟ್ಟಿಯಲ್ಲಿತ್ತು. ನಮ್ಮ ಬಸ್ ಕಂಡಕ್ಟರೇ ವಾಸಿ, ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಗೀಚಿಯಾದರೂ ಕೊಡುತ್ತಾರೆ.

ದೋಷ ನಿವಾರಣೆ

ಜಾವಾಸ್ಕ್ರಿಪ್ಟಿನ ಪಾರ್ಸ್‌ಇಂಟ್‌ಗೆ 0.0000005 ಕೊಟ್ಟಾಗ 5 ಬಂದರೆ ಗಾಬರಿಯಾಗಬೇಡಿ. ಅದು ಸಂಖ್ಯೆಯನ್ನು ಮೊದಲು ಅಕ್ಷರವಾಗಿಸಿಕೊಳ್ಳುತ್ತದೆ, ಆಗ ಆ ಸಂಖ್ಯೆ '5e-7' ಎಂದಾಗುತ್ತದೆ, ಪಾರ್ಸ್‌ಇಂಟ್ ಅದರ ಮೊದಲ ಅಂಕಿ ಓದಿ ಸುಮ್ಮನಾಗುತ್ತದೆ. ಅರ್ಜಿಯ ಮೊದಲ ಸಾಲು ಓದಿ ಸಹಿ ಹಾಕುವ ಗುಮಾಸ್ತರನ್ನು ನೀವು ಕಂಡಿಲ್ಲವೇ?

ಗ್ಯಾರಂಟಿ

ಇಲ್ಲ. ನಷ್ಟ ಬಳಕೆದಾರರದೇ. ದೊಡ್ಡಪ್ಪನ ಸಾಲದ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 1.44 ಎಂದು ಬರೆದಿದೆ. ಎರಡು ರೂಪಾಯಿ ನಾಣ್ಯ ಕೊಡಲು ಹೋದರೆ, ವಾಪಸ್ ಕೊಡಲು 56 ಪೈಸೆ ಚಿಲ್ಲರೆ ಇಲ್ಲ ಎನ್ನುತ್ತಾರೆ.