ಇತರೆ (ನಮೂದಿಸಿ)

ಪಕ್ಕದ ಮನೆಯ ಹುಡುಗಿ ಬೆಂಗಳೂರಿನಲ್ಲಿ ಮನಶ್ಶಾಸ್ತ್ರದ ಎಂ.ಎಸ್ಸಿ. ಮಾಡುತ್ತಿದ್ದಾಳೆ. ದಸರೆ ರಜೆಗೆ ಬಂದವಳು ನಮ್ಮ ಜಗಲಿ ಹತ್ತಿ, "ಅಂಕಲ್, ಒಂಬತ್ತೇ ಒಂಬತ್ತು ವಾಕ್ಯ, ಕನ್ನಡಕ್ಕೆ ಮಾಡಿಕೊಡಿ" ಎಂದಳು. ಮೂವತ್ತೊಂದು ವರ್ಷ ಕನ್ನಡ ಮೇಷ್ಟ್ರಾಗಿದ್ದು, ಪಂಪ ರನ್ನರನ್ನೇ ಹೊಸಗನ್ನಡಕ್ಕೆ ಇಳಿಸಿದವನಿಗೆ ಒಂಬತ್ತು ವಾಕ್ಯ ಯಾವ ಮಹಾ ಎಂದುಕೊಂಡು ಕನ್ನಡಕ ಏರಿಸಿದೆ. ಸಂಶೋಧನೆಯ ವಿಷಯ "ಸೇವಾವಂಚಿತ ಸಮುದಾಯಗಳಲ್ಲಿ ಮಾನಸಿಕ ಆರೋಗ್ಯದ ಅಸಮಾನತೆಗಳು". ಈ ವಂಚಿತ ಎಂಬ ಪದ ನನಗೆ ಬಹಳ ಹಿಡಿಸಿತು. ವಂಚಿತರು ಇದ್ದಾರೆ, ವಂಚಿಸಿದವರು ವಾಕ್ಯದಲ್ಲೆಲ್ಲೂ ಇಲ್ಲ. ಇದಕ್ಕೆ ನಾವು ಶಾಲೆಯಲ್ಲಿ ಕರ್ಮಣಿ ಪ್ರಯೋಗ ಎಂದು ಎರಡು ಅಂಕ ಕೊಡುತ್ತಿದ್ದೆವು. ವಿಶ್ವವಿದ್ಯಾಲಯದಲ್ಲಿ ಪದವಿಯನ್ನೇ ಕೊಡುತ್ತಾರೆ.

ಖಿನ್ನತೆ ಅಳೆಯುವ ಆ ಒಂಬತ್ತು ವಾಕ್ಯಗಳಿಗೆ ಪಿಎಚ್‌ಕ್ಯೂ-9 ಎಂದು ಹೆಸರು. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಬೇಸರ ಎಷ್ಟು ದಿನ ಇತ್ತು ಎಂದು ಕೇಳಿ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 27. ನಮ್ಮ ಪರೀಕ್ಷೆಗೆ ತಿರುಗುಮುರುಗು, ಇಲ್ಲಿ ಜಾಸ್ತಿ ತೆಗೆದವರೇ ಫೇಲು. ಇದರ ತಯಾರಿಗೆ ದುಡ್ಡು ಕೊಟ್ಟದ್ದು ಫೈಜರ್ ಕಂಪನಿ. ಖಿನ್ನತೆಯ ಮಾತ್ರೆಯನ್ನೂ ಅದು ಮಾರುತ್ತಿತ್ತು. ದರ್ಜಿಯೇ ಮನೆಗೆ ಬಂದು ನಿಮ್ಮ ಅಂಗಿ ಎಲ್ಲಾದರೂ ಹರಿದಿದೆಯಾ ಎಂದು ನೋಡಿದ ಹಾಗೆ. ಹಾಗಂತ ದೂರುವಂತಿಲ್ಲ, ಮಾಪಕ ಗಟ್ಟಿ, ಜಗತ್ತೆಲ್ಲ ಬಳಸುತ್ತದೆ, ಬಿಡಿಗಾಸು ಕೇಳುವುದಿಲ್ಲ. ಕನ್ನಡದಲ್ಲೂ ಆಗಲೇ ಇದೆ. "ಇದ್ದ ಮೇಲೆ ನಾನ್ಯಾಕಮ್ಮ?" ಎಂದೆ. "ಹೊಸದಾಗಿ ಮಾಡಿಸಿದ್ರೆ ಅದೇ ಇನ್ನೊಂದು ಪೇಪರ್ ಆಗತ್ತೆ ಅಂತ ನಮ್ಮ ಗೈಡ್ ಹೇಳಿದ್ರು."

ಖಿನ್ನತೆ ಎಂದು ಬರೆದೆ. ನಿರಾಸಕ್ತಿ ಎಂದು ಬರೆದೆ. ಏಳನೆಯದು ಕೈಕೊಟ್ಟಿತು: ಪತ್ರಿಕೆ ಓದುವಾಗ, ಟೀವಿ ನೋಡುವಾಗ ಗಮನ ನಿಲ್ಲುವುದಿಲ್ಲವೇ? ಕ್ಷೇತ್ರಕಾರ್ಯ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಮನೆಮನೆಗೆ ಪತ್ರಿಕೆ ಬರುವುದು ಮಿರ್ಚಿ ಸುತ್ತಿಕೊಂಡು. ಬದಲಿಸೋಣವೇ ಎಂದರೆ, "ಬದಲಿಸಿದ್ರೆ ವ್ಯಾಲಿಡಿಟಿ ಹೋಗತ್ತೆ ಅಂಕಲ್" ಎಂದಳು. ವ್ಯಾಲಿಡಿಟಿ ಹೋದ ಮೇಲೆ ಏನಾಗುತ್ತದೆಂದು ಮೊಬೈಲು ಇಟ್ಟುಕೊಂಡ ಯಾರಿಗಾದರೂ ಗೊತ್ತು. ತೆಪ್ಪಗಾದೆ. ನನ್ನ ಕನ್ನಡವನ್ನು ಇನ್ಯಾರೋ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದ ಜೊತೆ ತಾಳೆ ನೋಡಿದರು, ತಾಳೆಯಾಯಿತು. ಹಳ್ಳಿಯವರಿಗೆ ಅರ್ಥವಾಗುತ್ತದೆಯೇ ಎಂದು ನೋಡುವ ಹಂತವೂ ಒಂದಿದೆಯಂತೆ. ಅದನ್ನು ಹಾಸ್ಟೆಲ್ಲಿನ ಹುಡುಗಿಯರ ಮೇಲೆ ಮುಗಿಸಿದ್ದರು.

ಆ ಸೀಮೆಯಲ್ಲಿ ಹನ್ನೊಂದು ವರ್ಷ ಪಾಠ ಮಾಡಿದವನು ಎಂಬ ಕಾರಣಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಕನ್ನಡದಿಂದ ಕನ್ನಡಕ್ಕೆ ದುಭಾಷಿ.

ಬೇವಿನ ಮರದ ಕಟ್ಟೆ. ಹತ್ತಿ ಬಿಡಿಸಿ ಬಂದ ಹೆಂಗಸರು, ಸೀರೆಯ ಮಡಿಲಲ್ಲಿ ಇನ್ನೂ ಹತ್ತಿಯ ಎಳೆ. ಮೊದಲು ಒಪ್ಪಿಗೆ ಪತ್ರ, ನಾಲ್ಕು ಪುಟ. ನೈತಿಕ ಸಮಿತಿ ಮೂರು ಸಲ ವಾಪಸು ಕಳಿಸಿ, ನಾಲ್ಕನೆಯ ಸಲ ಪುಟ ಹೆಚ್ಚಿಸಿಕೊಂಡು ಮಂಜೂರು ಮಾಡಿದ್ದು. ನಾನು ಗಟ್ಟಿಯಾಗಿ ಓದಿದೆ. ಇಂಕಿನ ಪ್ಯಾಡು ತೆಗೆದದ್ದೇ ತಡ, ಇಬ್ಬರು ಎದ್ದು ಹೊರಟುಹೋದರು. ಆ ಕಟ್ಟೆಯ ಮೇಲೆ ಹಿಂದಿನ ಸಲ ಹೆಬ್ಬೆಟ್ಟು ಒತ್ತಿಸಿಕೊಂಡವರು ಕಿರುಸಾಲದವರು, ಊರ ಬಾಯಲ್ಲಿ ಸಂಘದವರು. ಉಳಿದವರಲ್ಲಿ ಒಬ್ಬಾಕೆ, ಐವತ್ತರ ಆಚೀಚೆ, ಕೇಳಿದಳು: "ಯಾವಾಗ ಬೇಕಾದ್ರ ಆವಾಗ ಹಿಂದಕ ಸರೀಬೌದು ಅಂದ್ರಲ್ಲ, ಈ ಮಾತು ಸಂಘದ ಕಾಗದದಾಗ ಬರೆಸಾಕ ಬರ್ತದೇನ್ರಿ ಮಾಸ್ತರ?"

ನಾನು ನನ್ನ ಅನುವಾದ ತೆರೆದೆ. "ಖಿನ್ನತೆ ಐತೇನವ್ವ?"

"ಚಿನ್ನಾನ? ಇದ್ದೆರಡು ಗುಂಡು ಬಂಗಾರ ಒತ್ತಿ ಬಿದ್ದು ಮೂರು ವರ್ಷಾತು."

ಹುಡುಗಿ ನನ್ನ ಮುಖ ನೋಡಿದಳು. ತಪ್ಪು ಕೇಳಿಸಿಕೊಂಡ ಪ್ರಶ್ನೆಗೆ ಅಷ್ಟು ಸರಿಯಾದ ಉತ್ತರವನ್ನು ನಾನು ಯಾವ ಪರೀಕ್ಷೆಯಲ್ಲೂ ನೋಡಿರಲಿಲ್ಲ. ದಣಿವು ಆಗುತ್ತದೆಯೇ? "ದಣೀಲಿಲ್ಲಂದ್ರ ಕೂಲಿ ಯಾರು ಕೊಡ್ತಾರ?" ಮೂರು ಅಂಕ. ಹಸಿವು ಕಡಿಮೆಯೋ, ಜಾಸ್ತಿಯೋ? "ಹಸಿವು ಹಂಗಾ ಐತಿ. ಜ್ವಾಳ ಕಡಿಮಿ ಆಗ್ಯಾವ." ಇದಕ್ಕೆ ಚೌಕ ಇರಲಿಲ್ಲ.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಬೇಕು. ಮನಸ್ಸಿನ ಕಾಯಿಲೆಯನ್ನು ಊರ ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಬಹುದು, ಅದಕ್ಕೆ ಎಲ್ಲರೂ ಬೆಂಗಳೂರಿನ ದೊಡ್ಡ ಗೇಟಿಗೆ ಬರಬೇಕಿಲ್ಲ ಎಂದು ಈ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ. ಆ ಗೇಟಿನೊಳಗಿನ ನಿಮ್ಹಾನ್ಸ್‌ನವರು 1985ರಿಂದ ಐದು ವರ್ಷ ಅಲ್ಲಿನ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಔಷಧ ಅಲ್ಲೇ ಸಿಗುವಂತೆ ಮಾಡಿದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಬಳ್ಳಾರಿಯ ಮಾದರಿ ಹಿಡಿದೇ. ಅಂದರೆ ಏನು ಮಾಡಬೇಕು ಎನ್ನುವುದು ನಾಲ್ಕು ದಶಕದಿಂದ ಗೊತ್ತಿದೆ. ಗೊತ್ತಿರುವುದನ್ನು ಮಾಡಿದರೆ ಸಂಶೋಧನೆ ಆಗುವುದಿಲ್ಲವಲ್ಲ.

ಆಮೇಲೆ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ನಡೆಸಿದ್ದು ಬೆಂಗಳೂರಿನ ಅದೇ ನಿಮ್ಹಾನ್ಸ್. ಹನ್ನೆರಡು ರಾಜ್ಯ. ಪಂಜಾಬ್ ಇದೆ, ಮಣಿಪುರ ಇದೆ, ಆಚೆ ತಮಿಳುನಾಡು, ಈಚೆ ಕೇರಳ ಇದೆ, ಕರ್ನಾಟಕ ಇಲ್ಲ. ನಮ್ಮ ಪಾಲಿಗೆ ಬಂದದ್ದು ಪ್ರಶ್ನೆಗಳನ್ನು ಪರೀಕ್ಷಿಸಿ ನೋಡುವ ಕೆಲಸ, ಅದೂ ಕೋಲಾರಕ್ಕೆ. ಮದುವೆ ಮನೆಯಲ್ಲಿ ಉಪ್ಪು ಸರಿಯಿದೆಯಾ ಎಂದು ಅಂಗೈಗೆ ಒಂದು ತೊಟ್ಟು ಸಾರು ಹಾಕಿ ಕಳಿಸಿದ ಹಾಗೆ. ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರು ಶೇಕಡಾ 70ರಿಂದ 92 ಎಂದು ಆ ಸಮೀಕ್ಷೆ ಹೇಳಿತು, ಕಾಯಿಲೆಗೊಂದು ಲೆಕ್ಕ. 2017ರಲ್ಲಿ ಹೊಸ ಕಾಯ್ದೆ ಬಂದು, ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದಿತು. ನಮ್ಮ ರಾಜ್ಯ ಅದಕ್ಕೂ ಮೊದಲೇ ಮನೋಚೈತನ್ಯ ಎಂಬ ಚಂದದ ಹೆಸರಿನ ಯೋಜನೆ ತಂದಿತ್ತು: ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರೇ ಬರುತ್ತಾರೆ, ಮಂಗಳವಾರ. ಆ ವಾರದ ಹೆಸರು ನೆನಪಿರಲಿ.

ಮತ್ತೆ ಆ ಕಟ್ಟೆಗೆ. ಒಂಬತ್ತನೆಯ ಪ್ರಶ್ನೆ ಬಂದಾಗ ನಾನು ಕಾಗದದಿಂದ ತಲೆಯೆತ್ತಲಿಲ್ಲ. ಸತ್ತುಹೋಗಿದ್ದರೇ ಚೆನ್ನಾಗಿತ್ತು ಎಂದು ಅನಿಸಿದ್ದುಂಟೇ? ಅದನ್ನು ಮಾತ್ರ ಹುಡುಗಿ ತಾನೇ ಕೇಳಿದಳು, ಪಕ್ಕ ಸರಿದು ಕೂತು, ಮೆಲ್ಲಗೆ. ಅವಳು ಒಳ್ಳೆಯ ಹುಡುಗಿ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಹೆಂಗಸು ಹತ್ತಿಯ ಎಳೆ ಕೀಳುತ್ತ, "ಒಮ್ಮೊಮ್ಮೆ" ಎಂದಳು. ಹಾಗೆಂದವರಿಗೆ ಸಹಾಯವಾಣಿಯ ಚೀಟಿ ಕೊಡಬೇಕು ಎಂಬುದು ನಿಯಮ. 14416, ಟೆಲಿ ಮನಸ್, 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ, ಉಚಿತ. ಒಳ್ಳೆಯ ವ್ಯವಸ್ಥೆ. ಆಕೆ ಚೀಟಿ ಇಸಿದುಕೊಂಡು ಮನೆಯೊಳಗೆ ಹೋಗಿ ಯಲ್ಲಮ್ಮನ ಪಟದ ಹಿಂದೆ ಸಿಕ್ಕಿಸಿ ಬಂದಳು. ಅಲ್ಲಿ ಆಗಲೇ ಅಂಥವು ಮೂರಿದ್ದವು. ಹಿಂದಿನ ಬ್ಯಾಚುಗಳವು. "ಫೋನ್ ಮಾಡಿದ್ರಾ?" ಎಂದು ಹುಡುಗಿ ಕೇಳಿದಳು. "ಫೋನು ಮಗನ ಸಂಗಾಟ ಬೆಂಗಳೂರಿಗೆ ಹೋಗೈತಿ, ಸೆಂಟ್ರಿಂಗ್ ಕೆಲಸಕ್ಕ."

ಕೊನೆಯ ಹಾಳೆ: ಚಿಕಿತ್ಸೆಗೆ ಏಕೆ ಹೋಗಲಿಲ್ಲ? ಚೌಕಗಳು ಐದು. ಕಳಂಕದ ಭಯ, ಅರಿವಿನ ಕೊರತೆ, ಮೂಢನಂಬಿಕೆ, ಕುಟುಂಬದ ವಿರೋಧ, ಇತರೆ (ನಮೂದಿಸಿ).

"ಡಾಕ್ಟರ್ ಬರೋದು ಮಂಗಳವಾರ ಅಂತ ಆಶಾ ಅಕ್ಕ ಹೇಳ್ಯಾಳ" ಎಂದಳು ಆಕೆ.

"ಮತ್ತೆ?"

"ಮಂಗಳವಾರ ಸಂಘದವ್ರೂ ಬರ್ತಾರ."

ವಾರದ ಕಂತು. ಇದೇ ಕಟ್ಟೆ, ಬೆಳಿಗ್ಗೆ ಹತ್ತು. ಗುಂಪಿನ ಹತ್ತೂ ಜನ ಕೂತಿರಬೇಕು, ಒಬ್ಬಾಕೆ ಕಟ್ಟದಿದ್ದರೆ ಉಳಿದ ಒಂಬತ್ತು ಜನ ಹಾಕಬೇಕು, ಹಾಕುವವರೆಗೆ ಯಾರೂ ಏಳುವಂತಿಲ್ಲ. ತಾಲ್ಲೂಕಿಗೆ ಹೋಗುವ ಬಸ್ಸು ಒಂಬತ್ತೂವರೆಗೆ. ಬಸ್ಸು ಹತ್ತಿದರೆ ಕಂತು ತಪ್ಪುತ್ತದೆ. ಕಂತು ತಪ್ಪೀತೆಂಬ ಚಿಂತೆಗೇ ಆಕೆಗೆ ನಿದ್ದೆ ಬರುತ್ತಿಲ್ಲ. ಆ ನಿದ್ದೆಗೆ ಔಷಧ ಸಿಗುವುದು ಬಸ್ಸು ಹತ್ತಿದರೆ. ಒಬ್ಬರಾದ ಮೇಲೊಬ್ಬರು ಹೆಂಗಸರು ಇದನ್ನೇ ಹೇಳಿದರು. ಹುಡುಗಿ ಒಂದೊಂದನ್ನೂ ಇತರೆಯಲ್ಲಿ ನಮೂದಿಸುತ್ತ ಹೋದಳು, ಸಾಲು ಸಾಲಾಗಿ: ಮಂಗಳವಾರ, ಮಂಗಳವಾರ, ಮಂಗಳವಾರ. ಕಿರುಸಾಲದವರ ಕಿರುಕುಳ ತಡೆಯಲೆಂದು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಿತಲ್ಲ, ಅದೂ ಮಾನಸಿಕ ಆರೋಗ್ಯದ ಕಾನೂನೇ ಎಂದು ನನಗೆ ಹೊಳೆದದ್ದು ಆ ಕಟ್ಟೆಯ ಮೇಲೆ. ಬೇರೆ ಯಾರಿಗೂ ಹೊಳೆದಂತಿಲ್ಲ. ಹುಡುಗಿಯ ನಲವತ್ತು ಪುಟದ ಪೂರ್ವಸಾಹಿತ್ಯ ಸಮೀಕ್ಷೆಯಲ್ಲಿ ಸಾಲ ಎಂಬ ಪದ ಎರಡು ಸಲ ಬಂದಿದೆ, ಎರಡೂ ಸಲ "ಸಾಲದು" ಎಂಬುದರೊಳಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ಉಳಿದ ಒಂದು ಹಾಳೆಯನ್ನು ಸುಮ್ಮನೆ ತನಗೇ ತುಂಬಿಕೊಂಡಳು. ಹದಿನಾಲ್ಕು ಬಂತು. ಹತ್ತು ದಾಟಿದರೆ ವೈದ್ಯರನ್ನು ಕಾಣಿ ಎಂದು ಬೆಳಿಗ್ಗೆಯಿಂದ ಊರಿಗೆಲ್ಲ ಹೇಳಿದವಳು ಅವಳೇ. "ಯಾವಾಗ ಹೋಗ್ತೀಯಮ್ಮ?" ಎಂದೆ. "ಸಬ್‌ಮಿಷನ್ ಮುಗೀಲಿ ಅಂಕಲ್." ಜೆರಾಕ್ಸಿಗೆ, ಬಸ್ಸಿಗೆ, ಹಂಚಿದ ಬಿಸ್ಕತ್ತಿಗೆ ಎಲ್ಲಕ್ಕೂ ಅಪ್ಪನ ದುಡ್ಡು. ಅವಳದ್ದೂ ಮಂಗಳವಾರವೇ.

ಗೈಡು ಕೋಷ್ಟಕ ನೋಡಿ ಹುಬ್ಬು ಗಂಟಿಕ್ಕಿದರಂತೆ. "ಇತರೆ ಇಷ್ಟು ದಪ್ಪ ಇದ್ದರೆ ಟೇಬಲ್ ಚೆನ್ನಾಗಿ ಕಾಣಲ್ಲ. ಆಸ್ಪತ್ರೆಗೆ ಹೋಗದಿರೋಕೆ ಏನೋ ಒಂದು ನೆಪ ಹೇಳ್ತಾರೆ ಅಂದ್ರೆ ಒಳಗೆ ಹೆದರಿಕೆ ಇದೆ ಅಂತ ತಾನೇ? ಕಳಂಕಕ್ಕೆ ಸೇರಿಸು." ಮಂಗಳವಾರಗಳೆಲ್ಲ ಕಳಂಕವಾದವು. ಕೋಷ್ಟಕ ಚೆನ್ನಾಗಿ ಕಂಡಿತು. ಗ್ರಾಮೀಣ ಮಹಿಳೆಯರು ಕಳಂಕದ ಭಯದಿಂದ ಚಿಕಿತ್ಸೆಗೆ ಮುಂದಾಗುತ್ತಿಲ್ಲ ಎಂಬ ತೀರ್ಮಾನಕ್ಕೆ ಸಂಖ್ಯಾಶಾಸ್ತ್ರದ ಮೊಹರು ಬಿತ್ತು. ಶಿಫಾರಸು: ಬೀದಿ ನಾಟಕದ ಮೂಲಕ ಅರಿವು ಮೂಡಿಸಬೇಕು, ಹೆಚ್ಚಿನ ಸಂಶೋಧನೆ ನಡೆಯಬೇಕು.

ಆ ಪ್ರಬಂಧ ವಿಚಾರ ಸಂಕಿರಣದಲ್ಲಿ ಮಂಡನೆಯಾದ ದಿನ ನನಗೂ ಕರೆ ಇತ್ತು. ವೇದಿಕೆಯ ಉದ್ದಕ್ಕೂ ಫ್ಲೆಕ್ಸು, ಅದರಲ್ಲಿ ಅಸಮಾನತೆ ಎಂಬ ಅಕ್ಷರಗಳು ಆಳೆತ್ತರ. ಮಧ್ಯಾಹ್ನ ಗಣ್ಯರಿಗೆ ಒಳಗೆ ಮೇಜಿನ ಊಟ, ಅಧ್ಯಾಪಕರಿಗೆ ವರಾಂಡದಲ್ಲಿ ಬಫೆ, ವಿದ್ಯಾರ್ಥಿಗಳಿಗೆ ಹಿಂದುಗಡೆ ಪೊಟ್ಟಣದ ಪುಳಿಯೋಗರೆ. ನನ್ನನ್ನು ಯಾವ ಸಾಲಿಗೆ ಸೇರಿಸುವುದೆಂದು ಸ್ವಯಂಸೇವಕರಿಗೆ ತಿಳಿಯಲಿಲ್ಲ. ಕೊನೆಗೆ ಇತರೆ ಎಂದು ಪರಿಗಣಿಸಿ ಪುಳಿಯೋಗರೆ ಕೊಟ್ಟರು. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿನ ಒತ್ತಕ್ಷರ ಬಿದ್ದುಹೋಗಿತ್ತು. ಅಲ್ಲಿ ಕೊಟ್ಟ ಸೆಣಬಿನ ಚೀಲ ಮಾತ್ರ ಗಟ್ಟಿ, ಈಗಲೂ ತರಕಾರಿಗೆ ಒಯ್ಯುತ್ತೇನೆ.

ಈ ವರ್ಷ ಹಳೆಯ ಶಿಷ್ಯನ ಮಗಳ ಮದುವೆಗೆಂದು ಅದೇ ಹಳ್ಳಿಗೆ ಹೋಗಿದ್ದೆ. ಬೇವಿನ ಕಟ್ಟೆಯ ಮೇಲೆ ನಾಲ್ಕು ಜನ ಹೊಸ ಹುಡುಗ ಹುಡುಗಿಯರು, ಕೊರಳಲ್ಲಿ ಐಡಿ ಕಾರ್ಡು. ಕಾಗದ ಇಲ್ಲ, ಈ ಸಲ ಟ್ಯಾಬು. ಎದುರಿಗೆ ಅದೇ ಹೆಂಗಸು. ಹುಡುಗ ಪ್ರಶ್ನೆ ಓದಿ ಮುಗಿಸುವ ಮೊದಲೇ ಆಕೆ, "ನಿದ್ದಿ ಮೂರು, ದಣಿವು ಮೂರು, ಪೇಪರು ಟೀವಿ ಬಿಡು ತಮ್ಮಾ, ಅದು ಸೊನ್ನಿ ಹಾಕ್ಕೊ" ಎಂದು ಕಾಯಿಪಲ್ಯದ ಲೆಕ್ಕದಂತೆ ಒಪ್ಪಿಸುತ್ತಿದ್ದಳು. ಒಂಬತ್ತನೆಯದರ ಹತ್ತಿರ ಬಂದಾಗ ಕೈ ಅಡ್ಡ ಹಿಡಿದು, "ಅದನ್ನ ಕೇಳಬ್ಯಾಡ. ಚೀಟಿ ಅದಾವ" ಎಂದಳು.

ಉಳಿದ ಸಂದರ್ಶನಗಳಿಗೆ ಮುಂದಿನ ವಾರ ಮತ್ತೆ ಬರುತ್ತೇವೆ, ಯಾವ ದಿನ ಅನುಕೂಲ ಎಂದು ಹುಡುಗ ವಿನಯದಿಂದ ಕೇಳಿದ. ಆಕೆ ನನ್ನ ಗುರುತು ಹಿಡಿದು ಇತ್ತ ತಿರುಗಿದಳು.

"ಮಾಸ್ತರ, ನೀವಾ ಹೇಳ್ರಿ ಇವ್ರಿಗೆ. ಯಾವತ್ತರ ಬರ್ಲಿ, ಮಂಗಳವಾರ ಒಂದು ಬ್ಯಾಡ."