ಗದಗ ಸೀಮೆಯ ಕಾಲವಲಯ ಮೀಮಾಂಸೆ

(ವ್ಯಾಪಾರಸ್ಥ ಪ್ರಯಾಣಿಕರ ಉಪಯೋಗಾರ್ಥ, ಆಕ್ಷೇಪ ಸಮಾಧಾನ ಸಹಿತ)

ಉಪೋದ್ಘಾತ

ಅಂತರರಾಷ್ಟ್ರೀಯ ಪ್ರಯಾಣ, ಕಾಲವಲಯ, ವ್ಯಾಪಾರಸ್ಥರಿಗೆ ವಿಮಾನ ಸಂಸ್ಥೆಗಳು ಮಾಡುವ ಉಪಚಾರ, ಈ ಮೂರರ ಬಗ್ಗೆ ಪಂಡಿತರು ಬರೆದದ್ದೆಲ್ಲ ಲಂಡನ್, ದುಬೈ, ಸಿಂಗಪುರಗಳ ಸುತ್ತಲೇ ಗಿರಕಿ ಹೊಡೆದಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆ ಯಾರೂ ಕಣ್ಣೆತ್ತಿ ನೋಡಿಲ್ಲ. ಕೇಳಿದರೆ, ಅಲ್ಲಿ ವಿಮಾನ ನಿಲ್ದಾಣವೇ ಇಲ್ಲವಲ್ಲ ಎನ್ನುತ್ತಾರೆ. ಇದು ಕಾರಣವಲ್ಲ, ನೆಪ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವೂ ಒಂದು. ಅದಕ್ಕಾಗಿ ನಮ್ಮ ಬಯಲುಸೀಮೆಯ ಕವಿಗಳು ಕಾರವಾರಕ್ಕೆ ಟಿಕೆಟ್ ತೆಗೆಸಿದ್ದನ್ನು ಯಾರೂ ಕೇಳಿಲ್ಲ.

ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ಕಾಲವಲಯ ಹುಟ್ಟಿದ್ದು ಭೂಮಿ ತಿರುಗುವುದರಿಂದಲ್ಲ, ಒಬ್ಬ ಇನ್ನೊಬ್ಬನನ್ನು ಕಾಯಿಸುವುದರಿಂದ. ಕಾಯಿಸುವವನ ಗಡಿಯಾರ ಸರಿ, ಕಾಯುವವನದು ತಪ್ಪು. ಈ ಸೂಕ್ಷ್ಮವನ್ನು ಅರಿತು, ತನ್ನ ಗಡಿಯಾರವನ್ನು ಎದುರಿನವನ ಮುಂಗೈಗೆ ಕಟ್ಟಲು ಹವಣಿಸುವವನೇ ವ್ಯಾಪಾರಸ್ಥ.

ಗಣಿತ ಪ್ರಕರಣ

ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಭಾರತದ ಸಮಯವನ್ನು ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಗೂಟಕ್ಕೆ ಕಟ್ಟಿದ್ದಾರೆ. ಗದಗ ಇರುವುದು 75.6ರ ಆಸುಪಾಸಿನಲ್ಲಿ. ಹೀಗಾಗಿ ವೀರನಾರಾಯಣನ ಗುಡಿಯ ನೆತ್ತಿಗೆ ಸೂರ್ಯ ಬರುವ ಹೊತ್ತಿಗೆ, ವರ್ಷದ ಸರಾಸರಿ ಹಿಡಿದರೆ, ಕೈಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತೇಳು. ಗದಗಿನವರು ಎಲ್ಲಿಗೆ ಕರೆದರೂ ಅರ್ಧ ತಾಸು ತಡ ಎಂಬ ಹಳೆಯ ಅಪವಾದಕ್ಕೆ ಇಲ್ಲಿ ಪರಿಹಾರ ಸಿಗುತ್ತದೆ. ಅವರು ಸೂರ್ಯನ ಲೆಕ್ಕದಲ್ಲಿ ಸರಿಯಾಗಿಯೇ ಬಂದಿರುತ್ತಾರೆ, ತಪ್ಪು ಮಿರ್ಜಾಪುರದ್ದು. ಉಳಿದ ಮೂರು ನಿಮಿಷವನ್ನು ಗಾಡಿ ನಿಲ್ಲಿಸಲು ಜಾಗ ಹುಡುಕಿದ ಖಾತೆಗೆ ಬರೆಯತಕ್ಕದ್ದು.

ಈಗ ಜಿಲ್ಲೆಯ ಒಳಗಿನ ಲೆಕ್ಕ. ಲಕ್ಷ್ಮೇಶ್ವರ ಸುಮಾರು 75.47, ಮುಂಡರಗಿ ಸುಮಾರು 75.88. ಎರಡರ ನಡುವಿನ ಕಾಲಾಂತರ ಹೆಚ್ಚುಕಡಿಮೆ ನೂರು ಸೆಕೆಂಡು. ದೂರದ ವಿಮಾನಯಾನದಿಂದ ದೇಹಕ್ಕೆ ಆಗುವ ಕಾಲಭ್ರಮಣೆ, ಅಂದರೆ ಜೆಟ್ ಲ್ಯಾಗ್, ಒಂದು ಗಂಟೆಯ ಅಂತರಕ್ಕೆ ಒಂದು ದಿನದಂತೆ ಇಳಿಯುತ್ತದೆಂದು ವೈದ್ಯರು ಒಂದು ಅಂದಾಜು ಹೇಳುತ್ತಾರೆ. ತ್ರೈರಾಶಿಕ ಹಾಕಿ ನೋಡಿ: ನೂರು ಸೆಕೆಂಡಿಗೆ ನಲವತ್ತು ನಿಮಿಷ. ಲಕ್ಷ್ಮೇಶ್ವರದಿಂದ ಬಂದವರು ಮುಂಡರಗಿ ಬಸ್ ನಿಲ್ದಾಣದಲ್ಲಿ ಇಳಿದವರೇ ಕೆಲಸಕ್ಕೆ ಓಡದೆ ಗಿರ್ಮಿಟ್, ಮಿರ್ಚಿ ಭಜಿ, ಮೇಲೊಂದು ಚಹಾ ಎಂದು ಕೂರುವುದನ್ನು ಸೋಮಾರಿತನವೆಂದು ಬೈದವರುಂಟು. ಅದು ಶರೀರಶಾಸ್ತ್ರ ವಿಧಿಸಿದ ವಿಶ್ರಾಂತಿ. ಪಶ್ಚಿಮಕ್ಕೆ ಹೋಗುವುದಕ್ಕಿಂತ ಪೂರ್ವಕ್ಕೆ ಹೋಗುವಾಗ ದೇಹ ಹೆಚ್ಚು ದಣಿಯುತ್ತದೆಂಬುದೂ ಸಿದ್ಧವಾದ ಸಂಗತಿ. ಆದಕಾರಣ ಮುಂಡರಗಿಯಲ್ಲಿ ಮಿರ್ಚಿ ಎರಡು, ವಾಪಸ್ ಲಕ್ಷ್ಮೇಶ್ವರದಲ್ಲಿ ಒಂದು.

ಗದಗಕ್ಕೂ ಬೆಟಗೇರಿಗೂ ಇರುವ ವ್ಯತ್ಯಾಸ ಬೆರಳೆಣಿಕೆಯ ಸೆಕೆಂಡುಗಳದು. ಅದಕ್ಕೆ ಬೇರೆ ವಲಯ ಬೇಕೇ ಎಂಬ ನಿರ್ಣಯವನ್ನು ಎರಡೂ ಊರಿಗೆ ಒಂದೇ ಆಗಿರುವ ನಗರಸಭೆಗೆ ಬಿಟ್ಟಿದೆ.

ಇತಿಹಾಸ ಪ್ರಕರಣ

ಆಕ್ಷೇಪ: ಒಂದೇ ಜಿಲ್ಲೆಯೊಳಗಿನ ಓಡಾಟ ಅಂತರರಾಷ್ಟ್ರೀಯ ಹೇಗಾದೀತು?

ಸಮಾಧಾನ: ಗದಗ ಜಿಲ್ಲೆ ಆದದ್ದೇ 1997ರಲ್ಲಿ. ಅದಕ್ಕೆ ಐವತ್ತು ವರ್ಷ ಹಿಂದೆ ಇದೇ ದಾರಿಯಲ್ಲಿ ಬಂಡಿ ಹೊಡೆದವನ ಕಷ್ಟ ಕೇಳಿ. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಗದಗ, ಮುಂಡರಗಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯವು. ಮುಂಡರಗಿ ದಾಟಿ ಕೊರ್ಲಹಳ್ಳಿಯಲ್ಲಿ ತುಂಗಭದ್ರೆಯ ಆಚೆ ದಡ ಮುಟ್ಟಿದರೆ ಹೂವಿನಹಡಗಲಿ ಸೀಮೆ, ಮದ್ರಾಸ್ ಪ್ರಾಂತ್ಯ. ಹೊಳೆ ದಾಟದೆ ಪೂರ್ವಕ್ಕೆ ತಿರುಗಿದರೆ ಕೊಪ್ಪಳ, ಹೈದರಾಬಾದ್ ನಿಜಾಮನದು. ಎತ್ತು ಮೂರು ಸಲ ನೀರು ಕುಡಿಯುವಷ್ಟರಲ್ಲಿ ಇಷ್ಟು ಸರಕಾರಗಳು! ಯುರೋಪಿನಲ್ಲಿ ಇಷ್ಟು ಗಡಿ ದಾಟಲು ರೈಲಿನಲ್ಲಿ ಹಾಸಿಗೆ ಕಾಯ್ದಿರಿಸಬೇಕು.

ಗಡಿಯ ಮಾತು ಸುಂಕದ ನಾಕೆಯಲ್ಲಿ ಮುಗಿಯುತ್ತಿರಲಿಲ್ಲ. ನಿಜಾಮನ ಸೀಮೆಯಲ್ಲಿ ನಾಣ್ಯವೇ ಬೇರೆ: ಇಲ್ಲಿನ ಆರು ರೂಪಾಯಿಗೆ ಅಲ್ಲಿನ ಏಳು ಎಂಬುದು ಸರಕಾರಿ ದರ. ಅಂಚೆ ಚೀಟಿ ಬೇರೆ. ಎಲ್ಲಕ್ಕಿಂತ ಮುಖ್ಯ, ಅಲ್ಲಿನ ಸರಕಾರಿ ಪಂಚಾಂಗ ಫಸಲಿ; ನಮ್ಮ ಇಸವಿಗಿಂತ ಸುಮಾರು 590 ವರ್ಷ ಹಿಂದೆ. ಅಂದರೆ 1940ರ ದೀಪಾವಳಿ ಮುಗಿಸಿ, ಎಳ್ಳು ಹೇರಿಕೊಂಡು ಮುಂಡರಗಿ ಬಿಟ್ಟವನು ಕೊಪ್ಪಳದ ಕಚೇರಿ ಕಾಗದದಲ್ಲಿ 1350ನೇ ಇಸವಿಗೆ ಇಳಿಯುತ್ತಿದ್ದ. ಲಂಡನ್ನಿಗೆ ಹಾರಿ ಐದೂವರೆ ಗಂಟೆ ಹಿಂದೆ ಹೋದೆವೆಂದು ಬೀಗುವವರು ಈ ಬಂಡಿಯ ಗಾಲಿಗೆ ನಮಸ್ಕರಿಸಬೇಕು. 1350 ಎಂದರೆ ಸಾಮಾನ್ಯ ವರ್ಷವೂ ಅಲ್ಲ, ವಿಜಯನಗರದಲ್ಲಿ ಮೊದಲನೆಯ ಹರಿಹರ ಆಳುತ್ತಿದ್ದ ಕಾಲ. ಕೊಪ್ಪಳದ ವರ್ತಕರು ಹಂಪಿಗೆ ಹೋಗಿ ಅವನನ್ನು ಕಂಡು ಬರಬಹುದಿತ್ತಲ್ಲ ಎಂದು ಅವಸರದ ಓದುಗರು ಕೇಳಬಹುದು. ಸಾಧ್ಯವಿರಲಿಲ್ಲ. ಆನೆಗೊಂದಿ ನಿಜಾಮನ ಕಡೆ, ಹಂಪಿ ಹೊಳೆಯ ಆಚೆ ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿ. ಹರಿಗೋಲಿನಲ್ಲಿ ದಾಟಿದ ಮರುಕ್ಷಣ ಅಲ್ಲಿ 1940. ರಾಜ ಹೋಗಿ ಆರು ಶತಮಾನ ಆಗುತ್ತ ಬಂದಿತ್ತು.

ಗದಗಿನ ಅರಳೆ ವ್ಯಾಪಾರಿಯ ಪಾಡು ಇನ್ನೊಂದು ತರಹದ್ದು. ಊರಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಆಗ ದೇಶದ ರೈಲುಗಳು ಓಡುತ್ತಿದ್ದದ್ದು ಮದ್ರಾಸ್ ಸಮಯದ ಮೇಲೆ. ಗದಗಿನ ಸೂರ್ಯನಿಗಿಂತ ಅದು ಹದಿನೆಂಟು ನಿಮಿಷ ಮುಂದು. ಅರಳೆಯ ಧಾರಣೆ ಬರುತ್ತಿದ್ದ ಮುಂಬಯಿ, ಅದೇ ಸೂರ್ಯನಿಗಿಂತ ಹನ್ನೊಂದು ನಿಮಿಷ ಹಿಂದು. ಸ್ಟೇಶನ್ನಿನಲ್ಲಿ ಒಂದು, ತಂತಿಯಲ್ಲಿ ಒಂದು, ನೆತ್ತಿಯ ಮೇಲೊಂದು, ಹೀಗೆ ಮೂರು ಕಾಲ. 1906ರ ಜನವರಿ 1ರಂದು ಇಡೀ ದೇಶಕ್ಕೆ ಒಂದೇ ಸಮಯ ಎಂದು ಸರಕಾರ ಸಾರಿದ ಮೇಲೂ ಮುಂಬಯಿ ಶಹರ ಹಟ ಬಿಡಲಿಲ್ಲ. 1955ರವರೆಗೂ ಅದು ತನ್ನದೇ ಗಡಿಯಾರವನ್ನು ಇಟ್ಟುಕೊಂಡಿತ್ತು, ದೇಶಕ್ಕಿಂತ 39 ನಿಮಿಷ ಹಿಂದೆ. ಗದಗಿನವನು ರೈಲಿನಿಂದ ಇಳಿದು ಅರಳೆ ಬಾಜಾರಕ್ಕೆ ಹೋದರೆ, ತಾನು ಬಂದದ್ದೇ ಬೇಗ ಎಂದು ಗೊತ್ತಾಗುತ್ತಿತ್ತು. ತಡವೆಂಬ ಅಪವಾದ ಹೊತ್ತ ಊರಿಗೆ ಆ 39 ನಿಮಿಷ ಎಂಥ ಮರ್ಯಾದೆ!

ಇನ್ನು ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಸರಕಾರ ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದೆ ತಳ್ಳಿತು. ಗದಗಿನ ಮಟಮಟ ಮಧ್ಯಾಹ್ನ ಒಂದೂವರೆಗೆ ಜಾರಿತು. ಹಸಿವು ಮಾತ್ರ ಮೊದಲಿನ ಹೊತ್ತಿಗೇ ಬರುತ್ತಿತ್ತು. ಸರಕಾರಿ ಆಜ್ಞೆಯಲ್ಲಿ ಹಸಿವಿನ ಉಲ್ಲೇಖವಿರಲಿಲ್ಲವಾಗಿ ಅದನ್ನು ತಪ್ಪೆನ್ನಲಾಗದು.

ಈ ಎಲ್ಲದರ ಬೇರು ಇನ್ನೂ ಆಚೆ ಇದೆ. 1861ರಿಂದ 1865ರವರೆಗೆ ಅಮೆರಿಕದವರು ತಮ್ಮತಮ್ಮೊಳಗೇ ಬಡಿದಾಡಿದಾಗ ಲಂಕಾಶೈರಿನ ಗಿರಣಿಗಳಿಗೆ ಅರಳೆ ಸಾಲದಾಯಿತು; ಧಾರವಾಡ ಸೀಮೆಯ ಕರಿಮಣ್ಣಿಗೆ ಬೆಲೆ ಬಂತು. ಯುದ್ಧ ನಿಂತಿತು, ಬೆಲೆ ಬಿತ್ತು. ಹೊಲ ಇಲ್ಲಿ, ಬೆವರು ಇಲ್ಲಿ, ಗಡಿಯಾರ ಮಾತ್ರ ಲಿವರ್‌ಪೂಲಿನಲ್ಲಿ. ಪ್ರತಿಜ್ಞೆಯಲ್ಲಿ ಹೇಳಿದ್ದು ಇದೇ.

ಉಪಚಾರ ಪ್ರಕರಣ

ವಿಮಾನಗಳಲ್ಲಿ ಬಿಸಿನೆಸ್ ಕ್ಲಾಸ್ ಎಂಬ ವರ್ಣಭೇದ ಕಾಣಿಸಿಕೊಂಡದ್ದು 1970ರ ದಶಕದ ಕೊನೆಗೆ. ಪೂರ್ತಿ ಹಣ ಕೊಟ್ಟ ವ್ಯಾಪಾರಸ್ಥ, ರಿಯಾಯಿತಿ ಟಿಕೆಟ್ಟಿನ ಪ್ರವಾಸಿಯ ಮೊಣಕೈ ತಿವಿತ ತಾಳಲಾರದೆ ಗೊಣಗಿದ. ನಡುವೆ ಪರದೆ ಬಂತು. ಇದನ್ನು ಪಾಶ್ಚಾತ್ಯರು ಹೊಸ ಶೋಧವೆಂದು ಬಗೆದಿದ್ದಾರೆ. ಗದಗಿನ ಅಡತಿ ಅಂಗಡಿಗೆ ಅವರು ಕಾಲಿಟ್ಟಿದ್ದರೆ ಆ ಭ್ರಮೆ ಇರುತ್ತಿರಲಿಲ್ಲ. ಅಲ್ಲಿ ದೊಡ್ಡ ಖರೀದಿದಾರರಿಗೆ ಗಾದಿ, ಬೆನ್ನಿಗೆ ಲೋಡು, ಕೇಳುವ ಮೊದಲೇ ಚಹಾ. ಮಾಲು ತಂದ ರೈತ ಹೊರಗೆ ಚೀಲದ ಮೇಲೆ. ಮಾಲು ಅವನದೇ, ಆದರೆ ತೂಕದ ಪಾಳಿ ಅವನದಲ್ಲ.

ವಿಮಾನ ಸಂಸ್ಥೆಗಳ ನಿಜವಾದ ಜಾಣ್ಮೆ ಬೇರೆ ಇದೆ. ಅವು ಕಾಯುವುದನ್ನೇ ಮಾರುತ್ತವೆ. ಲೌಂಜ್ ಎಂಬುದು ದುಡ್ಡು ಕೊಟ್ಟು ಕಾಯುವ ಕೋಣೆ. ಬಿಸಿನೆಸ್ ಕ್ಲಾಸಿನವರು ಮೊದಲು ಹತ್ತುತ್ತಾರೆ. ಹತ್ತಿ, ಉಳಿದವರು ಹತ್ತುವುದನ್ನು ಕಾಯುತ್ತಾರೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪದೇಪದೇ ಹಾರುವವರಿಗೆ ಮೈಲಿಗಳನ್ನು ಜಮಾ ಮಾಡುವ ಪದ್ಧತಿ ತಂದಿತು: ಹೆಚ್ಚು ಅಲೆದವನಿಗೆ ಇನ್ನಷ್ಟು ಅಲೆಯುವ ಅವಕಾಶ. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಿನ ಆಸನವನ್ನು ಪೂರ್ತಿ ಮಲಗುವ ಹಾಸಿಗೆಯಾಗಿಸಿತು. ಬೆನ್ನು ನೆಟ್ಟಗೆ ಚಾಚಬಹುದು ಎಂಬುದನ್ನು ಲೋಕ ಅಂದು ಕೊಂಡಾಡಿತು. ಗದಗಿನಿಂದ ಬೆಂಗಳೂರಿಗೆ ಹೋಗುವ ಸ್ಲೀಪರ್ ಬಸ್ಸಿನ ಮೇಲಿನ ಹಾಸಿಗೆಯಲ್ಲಿ ಅದೇ ಸುಖ ಅದರ ನೂರನೆಯ ಒಂದು ಪಾಲಿಗೂ ಕಡಿಮೆ ದರಕ್ಕೆ ಸಿಗುತ್ತದೆ, ಹಂಪಿನ ಮೇಲೆ ಹಾರುವ ಯೋಗವೂ ಸೇರಿ.

ಊಟದ ವಿಚಾರ ಗಂಭೀರವಾದದ್ದು. ಬೆಂಗಳೂರಿನಿಂದ ಯುರೋಪಿನ ಕಡೆ ಹೊರಡುವ ವಿಮಾನಗಳಲ್ಲಿ ಅನೇಕವು ನಡುರಾತ್ರಿಯ ನಂತರ ಏಳುತ್ತವೆ. ಅಲ್ಲಿನವರಿಗೆ ಬೆಳಗ್ಗೆ ಇಳಿದರೆ ಮುಂದಿನ ವಿಮಾನ ಹಿಡಿಯಲು ಅನುಕೂಲ, ಅವರ ಎಷ್ಟೋ ನಿಲ್ದಾಣಗಳಲ್ಲಿ ರಾತ್ರಿ ಗದ್ದಲಕ್ಕೆ ನಿಷೇಧ. ಅವರ ನಿದ್ದೆ ಕೆಡಬಾರದೆಂದು ನಮ್ಮ ನಿದ್ದೆಗೆ ಕತ್ತರಿ. ಏರಿ ಕೂತ ಮೇಲೆ, ಹೊರಟ ಊರಿನಲ್ಲಿ ಕೋಳಿಯೂ ಏಳದ, ಸೇರುವ ಊರಿನಲ್ಲಿ ಊಟ ಮುಗಿದು ಪಾತ್ರೆ ತೊಳೆದಿಟ್ಟ ಹೊತ್ತಿನಲ್ಲಿ ತಟ್ಟೆ ಬರುತ್ತದೆ. ಇದು ಯಾವ ಊರಿನ ಊಟ? ಧರ್ಮಶಾಸ್ತ್ರದಲ್ಲಿ ಇದಕ್ಕೆ ಹೆಸರಿಲ್ಲ. ಲಕ್ಷ್ಮೇಶ್ವರ ಕಡೆಯ ಬಲ್ಲವರು ಕಟಿರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಏರುತ್ತಾರೆ. ಕಟಿರೊಟ್ಟಿಗೆ ಕಾಲವಲಯ ಬಾಧಿಸದು. ನಿನ್ನೆಯದಾದರೂ ಅಷ್ಟೇ, ತಿಂಗಳ ಹಿಂದಿನದಾದರೂ ಅಷ್ಟೇ.

ಪಕ್ಷಿ ಪ್ರಕರಣ

ಇಷ್ಟಾದರೂ ಶಿರಹಟ್ಟಿ ತಾಲೂಕಿಗೆ ನೇರ ಅಂತರರಾಷ್ಟ್ರೀಯ ಹಾರಾಟ ಇಲ್ಲವೆನ್ನುವವರು ಮಾಗಡಿ ಕೆರೆಗೆ ಹೋಗಿ ನಿಲ್ಲಬೇಕು. ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆಯ ಹೆಬ್ಬಾತುಗಳು ಪ್ರತಿ ಚಳಿಗಾಲ ಇಲ್ಲಿ ಇಳಿಯುತ್ತವೆ, ಬೇಸಿಗೆ ಬರುವ ಮೊದಲು ಏಳುತ್ತವೆ. ಹಿಮಾಲಯ ದಾಟುವಾಗ ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ಉಪಕರಣ ಕಟ್ಟಿ ನೋಡಿದವರಿಗೆ ಸಿಕ್ಕಿದೆ. ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿ ಮತ್ತು ಬೆಳಗಿನ ಜಾವ ಅವಕ್ಕೆ ಇಷ್ಟ. ನಡುರಾತ್ರಿಯ ಹಾರಾಟಕ್ಕೆ ಇದೊಂದೇ ಒಪ್ಪತಕ್ಕ ಕಾರಣವೆಂದು ನಮ್ಮ ಮತ. ಹಾದಿ ಹೆಚ್ಚಾಗಿ ಉತ್ತರ ದಕ್ಷಿಣವಾದ್ದರಿಂದ ಕಾಲಭ್ರಮಣೆಯೂ ಕಮ್ಮಿ.

ಉಪಚಾರದಲ್ಲೂ ಇವೇ ಮೊದಲು. ಹಗಲೆಲ್ಲ ನೀರಿನ ಮೇಲೆ ವಿಶ್ರಾಂತಿ, ಹೊತ್ತು ಮುಳುಗಿದ ಮೇಲೆ ಸುತ್ತಲಿನ ಕಡಲೆ, ಶೇಂಗಾ ಹೊಲಗಳಲ್ಲಿ ಊಟ, ಯಾವ ಗಡಿಯಾರದ ಹಂಗೂ ಇಲ್ಲದೆ. ಬಿಲ್ಲು ರೈತನ ಹೆಸರಿಗೆ. 2024ರ ಜನವರಿಯಲ್ಲಿ ಮಾಗಡಿ ಕೆರೆಗೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಹೀಗೆ ಜಿಲ್ಲೆಯಲ್ಲಿ ಅಂತರರಾಷ್ಟ್ರೀಯವೆಂದು ಕಾಗದದ ಮೇಲೆ ಸಿದ್ಧವಾದ ನಿಲ್ದಾಣವೊಂದಿದೆ. ರನ್‌ವೇ ಮಾತ್ರ ಒದ್ದೆ.

ಬಡ್ಡಿ ಪ್ರಕರಣ (ಅಪೂರ್ಣ)

ಶಾಂತಸಾಗರದ ಸಮೋವಾ ದೇಶ 2011ರ ಡಿಸೆಂಬರ್ 30ನ್ನು ಪಂಚಾಂಗದಿಂದಲೇ ಕಿತ್ತೆಸೆಯಿತು. ಗುರುವಾರ ರಾತ್ರಿ ಮಲಗಿದವರು ಶನಿವಾರ ಎದ್ದರು. ಅವರ ವ್ಯಾಪಾರ ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಜೊತೆ. ಆ ಗಿರಾಕಿಗಳದು ಸೋಮವಾರವಾದಾಗ ಇವರದು ಇನ್ನೂ ಭಾನುವಾರ. ಕೊನೆಗೆ ದಿನಾಂಕರೇಖೆಯನ್ನೇ ಎತ್ತಿ ಆಚೆ ಇಟ್ಟರು. ನಮ್ಮ ಪ್ರತಿಜ್ಞೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲವೆಂದು ಈ ಸಂಗತಿಯನ್ನು ಲಕ್ಷ್ಮೇಶ್ವರದ ಅಡತಿ ಅಂಗಡಿಯೊಂದರ ಗಾದಿಯ ಮೇಲೆ ಮಂಡಿಸಲಾಯಿತು. ಸಾಹುಕಾರರು ಪೂರ್ತಿ ಕೇಳಿ, ಕನ್ನಡಕ ಹಣೆಗೇರಿಸಿ ಒಂದೇ ಪ್ರಶ್ನೆ ಹಾಕಿದರು: “ಅಲ್ರೀ, ಆ ಶುಕ್ರವಾರದ ಬಡ್ಡಿ ಯಾರ ಹಾಕ್ಕೊಂಡ್ರು?”

ವಿದ್ವತ್ ಲೋಕ ಇದಕ್ಕೆ ಇನ್ನೂ ಉತ್ತರಿಸಬೇಕಾಗಿದೆ. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಮಗನ ಫೋನು ಬಂದದ್ದರಿಂದ ಸಭೆ ಚದುರಿತು.

“ಈಗ ಅಲ್ಲೆ ಟೈಮ್ ಎಷ್ಟೋ?”

“ಇಲ್ಲೆ ಇನ್ನೂ ನಿನ್ನೆ ಸಂಜಿ ಐತಪ್ಪಾ.”

“ನಿನ್ನೆ?” ಸಾಹುಕಾರರ ದನಿ ಇಳಿಯಿತು. “ನಿನ್ನೆ ತಗೊಂಡು ನಾ ಏನ್ ಮಾಡ್ಲಿ? ನಿನ್ನೀ ರೇಟು ನನಗ ಗೊತ್ತೈತಿ. ಮೊದಲ ಬೆಳಗಾಗೋ ದೇಶ ಯಾವ್ದೋ?”

“ನ್ಯೂಜಿಲೆಂಡ್ ಕಡೆ ಬೇಗ ಬೆಳಗಾಗ್ತೈತ್ಯಪ್ಪಾ. ನಮಗ ಸಂಜಿ ಆಗೂದ್ರಾಗ ಅವ್ರದು ನಾಳೆ ಆಗಿರ್ತೈತಿ.”

“ಹಂಗಾರ ಅಲ್ಲೆ ನಮ್ಮೋರು ಯಾರರ ಅದಾರೇನು ನೋಡು. ನಾಳಿಂದು ಉಳ್ಳಾಗಡ್ಡಿ ರೇಟ್ ಒಂದ ಕೇಳೂದೈತಿ.”