ಮಾನ್ಯ 1:10 ಅವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಶ್ರೀ 1:10 ಅವರು,
ವಾಸ: ಸರ್ಕಾರಿ ಕಡತ

ವಿಷಯ: ತಾವು ಶಾಲೆಯ ಕಡೆ ತಲೆ ಹಾಕದಿರುವ ಬಗ್ಗೆ.

ಮಾನ್ಯರೇ,

ಅರ್ಜಿದಾರನು ನಿವೃತ್ತ ಬಸ್ ಕಂಡಕ್ಟರ್. ಮೊಮ್ಮಗಳಿಗೆ ಕಿವಿ ಮಂದ; ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ವಿಶೇಷ ಶಿಕ್ಷಕರು ಯಾವಾಗ ಬರುತ್ತಾರೆಂದು ಕೇಳಲು ಆತ ನಿನ್ನೆ ತಾಲ್ಲೂಕಿಗೆ ಹೋಗಿದ್ದ. ಊಟದ ಹೊತ್ತು ಮೀರುವ ತನಕ ಬೆಂಚಿನ ಮೇಲೆ ಕೂರಿಸಿ ಕೊನೆಗೆ ಹೇಳಿದ್ದು: ‘ಮೇಡಂ ಫೀಲ್ಡಲ್ಲಿದಾರೆ. ಅಂಗವಿಕಲರ ಯುಡಿಐಡಿ ಕಾರ್ಡಿನ ಜೆರಾಕ್ಸ್ ಕೊಟ್ಟು ಹೋಗಿ.’ ಹಿಂದೆ ಕೊಟ್ಟದ್ದು? ‘ಅದು ಹೋದ ವರ್ಷದ್ದಲ್ವಾ ಯಜಮಾನ್ರೇ.’ ಕಿವಿಯ ನರ ಪ್ರತಿ ಜೂನ್‌ನಲ್ಲಿ ಹೊಸದಾಗುತ್ತದೆಂದು ಆತನಿಗೆ ಗೊತ್ತಿರಲಿಲ್ಲ.

ಆದ್ದರಿಂದ ನೇರ ತಮಗೇ ಬರೆಯುತ್ತಿದ್ದಾನೆ. ತಮ್ಮ ಜಾತಕ ಆತ ತೆಗೆಸಿದ್ದಾನೆ. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಮ್ಮನ್ನು ಎತ್ತಿ ಹಿಡಿಯಿತು: ಪ್ರಾಥಮಿಕ ತರಗತಿಗಳಲ್ಲಿ ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ. ಮೇಲಿನ ತರಗತಿಗಳಿಗೆ 1:15 ಎಂಬ ತಮ್ಮ ಅಣ್ಣ. 2022ರಲ್ಲಿ ಕೇಂದ್ರದ ಅಧಿಸೂಚನೆಯೂ ಆಯಿತು. 2025ರ ಮಾರ್ಚ್ 7ರಂದು ಕೋರ್ಟು ಮತ್ತೆ ವಿಚಾರಿಸಿದಾಗ, ಎಷ್ಟು ಹುದ್ದೆ ಬೇಕೆಂಬ ಲೆಕ್ಕವನ್ನೇ ಹೆಚ್ಚಿನ ರಾಜ್ಯಗಳು ಹಾಕಿರಲಿಲ್ಲ. ಮೂರು ವಾರದೊಳಗೆ ಹುದ್ದೆ ಘೋಷಿಸಿ ಎಂದು ತಾಕೀತಾಯಿತು.

ತಮ್ಮೊಳಗಿನ ‘ಹತ್ತು’ ದಿನವೂ ಶಾಲೆಗೆ ಬರುತ್ತಿದೆ ಸ್ವಾಮಿ. ‘ಒಂದು’ ಎಲ್ಲಿದೆ?

ಈ ಊರಿನ ಶಾಲೆಯಲ್ಲಿ ಅಂಥ ಮಕ್ಕಳಿರುವುದು ಮೂವರೇ, ನಿಜ. ಹತ್ತು ಮಾಡಿಕೊಂಡು ಬನ್ನಿ ಎನ್ನುತ್ತೀರೇನೋ; ಊರವರು ಆದಷ್ಟು ಪ್ರಯತ್ನಿಸಬಹುದು. ಸದ್ಯ ತಾಲ್ಲೂಕಿಗೆ ಇರುವುದು ಬಿಐಇಆರ್‌ಟಿ (ಅಂಥ ಮಕ್ಕಳ ಸಂಪನ್ಮೂಲ ಶಿಕ್ಷಕಿ) ಮೇಡಂ ಒಬ್ಬರು. ಅವರ ಮೇಲೆ ಅರ್ಜಿದಾರನಿಗೆ ಸಿಟ್ಟಿಲ್ಲ. ಹಾಸಿಗೆ ಬಿಟ್ಟೇಳಲಾಗದ ಮಕ್ಕಳ ಮನೆಗೆ ಅವರೇ ಹೋಗಬೇಕು, ವೈದ್ಯಕೀಯ ಶಿಬಿರಕ್ಕೆ ಅವರೇ, ಮಾಹಿತಿ ತುಂಬಲು ಅವರೇ. ತಾಲ್ಲೂಕಿಗೆಲ್ಲ ಒಬ್ಬನೇ ಕಂಡಕ್ಟರ್, ಓಡುವ ಬಸ್ಸುಗಳಿಗೆಲ್ಲ ಸರದಿ ಮೇಲೆ ಹತ್ತಿಳಿದು ಟಿಕೆಟ್ ಹರಿಯಲಿ ಎಂದು ಡಿಪೋ ಮ್ಯಾನೇಜರ್ ಹೇಳಿದ್ದರೆ ಯೂನಿಯನ್‌ನವರು ಅಂದೇ ಗೇಟು ಹಾಕುತ್ತಿದ್ದರು. ಮಕ್ಕಳಿಗೆ ಯೂನಿಯನ್ ಇಲ್ಲ.

ದುಡ್ಡಿಲ್ಲವೆನ್ನಲಾಗದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿ. ದಿನಕ್ಕೆ ಹತ್ತು ರೂಪಾಯಿಯೂ ಆಗುವುದಿಲ್ಲ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಭತ್ಯೆ, ಹತ್ತು ತಿಂಗಳು ಮಾತ್ರ. ಏಪ್ರಿಲ್, ಮೇನಲ್ಲಿ ಕಿವುಡಿಗೂ ಬೇಸಿಗೆ ರಜೆ.

ಶಿಬಿರದಲ್ಲಿ ಕಿವಿ ಮಷೀನು ಕೊಟ್ಟರು. ಫೋಟೊ ತೆಗೆದರು. ಮಷೀನು ಸದ್ದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಫ್ಯಾನಿನ ಸದ್ದು, ಬೆಂಚು ಎಳೆದ ಸದ್ದು, ಮೇಷ್ಟ್ರ ಮಾತು, ಎಲ್ಲ ಒಟ್ಟಿಗೆ ಕಿವಿಗೆ ನುಗ್ಗಿದಾಗ ಅದರೊಳಗಿಂದ ಮಾತನ್ನು ಹೆಕ್ಕಿಕೊಳ್ಳುವುದನ್ನು ಯಾರಾದರೂ ಎದುರಿಗೆ ಕೂತು, ವಾರಗಟ್ಟಲೆ ಕಲಿಸಬೇಕು. ಕಲಿಸುವವರಿಲ್ಲದೆ ಹುಡುಗಿ ಅದನ್ನು ತೆಗೆದು ಜಾಮೆಟ್ರಿ ಬಾಕ್ಸಿನಲ್ಲಿ ಇಡುತ್ತಾಳೆ. ಅವಳು ದಡ್ಡಿಯಲ್ಲ. ಕರಿಹಲಗೆಯ ಲೆಕ್ಕ ಎಲ್ಲರಿಗಿಂತ ಮೊದಲು ಮಾಡುತ್ತಾಳೆ. ಬಾಯಲ್ಲಿ ಕೇಳಿದ್ದಕ್ಕೆ ಸುಮ್ಮನಿರುತ್ತಾಳೆ. ರಿಪೋರ್ಟಿನಲ್ಲಿ ‘ಗಮನ ಸಾಲದು’ ಎಂದು ಬರೆದಿದ್ದಾರೆ. ಯಾರ ಗಮನ? ನಾಲ್ಕು ವರ್ಷ ತರಗತಿಯಲ್ಲಿ ಕೂರಿಸಿ, ಕೇಳಿಸುತ್ತಿದೆಯಾ ಎಂದು ಒಬ್ಬರೂ ಸರಿಯಾಗಿ ನೋಡದೆ, ಗಮನ ಅವಳಿಗೆ ಸಾಲದು ಅಂತೀರಾ? ನಾಚಿಕೆಯಾಗಬೇಕು.

ಕ್ಷಮೆ ಇರಲಿ, ಅರ್ಜಿಯ ಭಾಷೆ ತಪ್ಪಿತು. ಆದರೂ ತಿದ್ದುವ ಮನಸ್ಸಿಲ್ಲ.

ಮಾನ್ಯ 1:10 ಅವರು ಸಹಕುಟುಂಬ ಬರಬೇಕೆಂದೇನೂ ಇಲ್ಲ. ‘ಹತ್ತು’ ಅಲ್ಲೇ ಇರಲಿ, ‘ಒಂದು’ ಮಾತ್ರ ಬಂದರೆ ಸಾಕು. ವಾರಕ್ಕೆರಡು ದಿನ, ಮಧ್ಯಾಹ್ನ ಊಟದ ನಂತರ. ಹುದ್ದೆ ಕಾಯಂ ಆಗಿದ್ದರೆ ಒಳ್ಳೆಯದು. ಗುತ್ತಿಗೆಯವರಾದರೆ ಸಂಬಳ ತಿಂಗಳಿಗೆ ಸರಿಯಾಗಿ ಕೊಟ್ಟು ಕಳಿಸುವುದು.

ಇಂತಿ,
ಅರ್ಜಿದಾರ

ಲಗತ್ತು: ಯುಡಿಐಡಿ ಕಾರ್ಡಿನ ಜೆರಾಕ್ಸ್, ಈ ವರ್ಷದ್ದು.